ಹೆಸರಿಲ್ಲದ ಕಚೇರಿಯ ನಿರ್ದೇಶಕರು

ಅನ್ಯರಾಷ್ಟ್ರಗಳ ನೆಲವನ್ನು ಅಂತರಿಕ್ಷದಿಂದ ನಿರೀಕ್ಷಿಸುವ ಉಪಗ್ರಹಗಳನ್ನು ನಡೆಸಲೆಂದು 1961ರಲ್ಲಿ ಅಮೆರಿಕವು ಸ್ಥಾಪಿಸಿದ ರಾಷ್ಟ್ರೀಯ ವಿಚಕ್ಷಣ ಕಚೇರಿಯು, ಮೂರು ದಶಕಗಳ ಕಾಲ ಅಧಿಕೃತವಾಗಿ ಅಸ್ತಿತ್ವದಲ್ಲಿಯೇ ಇರಲಿಲ್ಲ. ಸಿಐಎಯಲ್ಲಿ ಇಂಜಿನಿಯರಾಗಿ ದುಡಿದು, ಅನಂತರ ಪ್ರತಿನಿಧಿಸಭೆಯ ಗುಪ್ತಚರ ಸಮಿತಿಯ ಸಿಬ್ಬಂದಿಯಲ್ಲೊಬ್ಬರಾಗಿ ಶಾಸಕರ ಶಂಕೆಗಳನ್ನೂ ಹಣದ ಲೆಕ್ಕವನ್ನೂ ಸಮೀಪದಿಂದ ಕಂಡಿದ್ದ ಮಾರ್ಟಿನ್ ಫಾಗಾ ಅವರು 1989ರಲ್ಲಿ ಅದರ ನಿರ್ದೇಶಕರಾದಾಗ, ಹೊರಜಗತ್ತಿನ ಪಾಲಿಗೆ ಅವರು ವಾಯುಸೇನೆಯ ಬಾಹ್ಯಾಕಾಶ ವಿಷಯಗಳ ಸಹಾಯಕ ಕಾರ್ಯದರ್ಶಿ ಮಾತ್ರ; ಇನ್ನೊಂದು ಪದವಿಯನ್ನು ಉಚ್ಚರಿಸುವಂತಿರಲಿಲ್ಲ. ಪತ್ರಿಕೆಗಳು 1970ರ ದಶಕದಲ್ಲಿಯೇ ಬರೆದುಬಿಟ್ಟಿದ್ದ ಗುಟ್ಟನ್ನು ಸರ್ಕಾರವು ಇಷ್ಟು ನಿಷ್ಠೆಯಿಂದ ಕಾಪಾಡಿದುದು ತುಸು ವಿನೋದವೇ ಸರಿ. ಸೋವಿಯತ್ ಒಕ್ಕೂಟವು ಕುಸಿದ ಮರುವರ್ಷ, 1992ರ ಸೆಪ್ಟೆಂಬರ್ 18ರಂದು, ಫಾಗಾ ಅವರ ಅಧಿಕಾರಾವಧಿಯಲ್ಲಿಯೇ, ಕಚೇರಿಯ ಇರವು ಬಹಿರಂಗವಾಯಿತು. 1993ರಲ್ಲಿ ನಿರ್ಗಮಿಸಿದ ಅವರು ಮುಂದೆ ಮೈಟರ್ ಸಂಸ್ಥೆಯ ಅಧ್ಯಕ್ಷರಾದರು.