ಲೂಸಿಲ್ ಬಾಲ್ ಎಂಬ ಅಭಿನೇತ್ರಿ

ಪ್ರೇಕ್ಷಕರನ್ನು ಅಳಿಸುವುದು ಕಷ್ಟ, ನಗಿಸುವುದು ಸುಲಭ ಎಂಬ ಭಾವನೆಯು ನಮ್ಮಲ್ಲಿ ಅನೇಕರಿಗುಂಟು. ಅಮೆರಿಕಾ ದೇಶದ ದೂರದರ್ಶನದಲ್ಲಿ ಅಸಾಧಾರಣ ಕೀರ್ತಿಯನ್ನು ಪಡೆದ ಲೂಸಿಲ್ ಬಾಲಳ ಚರಿತ್ರೆಯನ್ನು ನೋಡಿದರೆ ಈ ಭಾವನೆಯು ನಿಲ್ಲಲಾರದು.

ಈಕೆಯು 1911ನೆಯ ಇಸವಿಯಲ್ಲಿ ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್ ಎಂಬ ಊರಿನಲ್ಲಿ ಜನಿಸಿದಳು. ಮೂರು ವರ್ಷದ ಮಗುವಾಗಿದ್ದಾಗಲೇ ತಂದೆಯು ವಿಷಮಶೀತ ಜ್ವರದಿಂದ ತೀರಿಕೊಂಡನು. ನಾಟಕವಿದ್ಯೆಯನ್ನು ಕಲಿಯಹೋದ ಹುಡುಗಿಯನ್ನು, ಇವಳಿಗೆ ಸಂಕೋಚವೇ ಹೆಚ್ಚು, ಹಣವು ವ್ಯರ್ಥವೆಂದು ಹೇಳಿ ಶಾಲೆಯವರು ಮನೆಗೆ ಕಳುಹಿಸಿದರು. 1933ರಿಂದ ಹಾಲಿವುಡ್ಡಿನಲ್ಲಿ ಸಣ್ಣಪುಟ್ಟ ಪಾತ್ರಗಳನ್ನು ವಹಿಸುತ್ತ ಬಂದು, 1942ರ 'ದಿ ಬಿಗ್ ಸ್ಟ್ರೀಟ್' ಚಿತ್ರದಲ್ಲಿ ಕಾಲುಗಳ ಸ್ವಾಧೀನ ತಪ್ಪಿದ ಗರ್ವಿಷ್ಠ ಗಾಯಕಿಯಾಗಿ ಅಭಿನಯಿಸಿದಳು. ಆದರೂ ಚಿತ್ರರಂಗದ ಮೊದಲ ಪಂಕ್ತಿಯು ಆಕೆಗೆ ದೊರೆಯಲಿಲ್ಲ.

1940ರಲ್ಲಿ ಆಕೆಯು ಕ್ಯೂಬಾ ದೇಶದ ವಾದ್ಯಗೋಷ್ಠಿಯ ನಾಯಕನಾದ ದೇಸಿ ಆರ್ನಾಜನನ್ನು ಮದುವೆಯಾಗಿದ್ದಳು. ಗಂಡನು ಗೋಷ್ಠಿಯೊಡನೆ ಊರೂರು ತಿರುಗುವವನು; ಹೆಂಡತಿಯು ಸ್ಟುಡಿಯೋದಲ್ಲಿ ದುಡಿಯುವವಳು. ಸಂಸಾರವೆಂಬುದು ಹೆಸರಿಗೆ ಮಾತ್ರ ಉಳಿದಿದ್ದಿತು. ರೇಡಿಯೋದಲ್ಲಿ ಆಕೆಯ ಹಾಸ್ಯವನ್ನು ಕೇಳಿ ಮೆಚ್ಚಿದ ಸಿ.ಬಿ.ಎಸ್. ಸಂಸ್ಥೆಯವರು ದೂರದರ್ಶನಕ್ಕೆ ಕರೆದಾಗ, ನನ್ನ ಗಂಡನೇ ಗಂಡನ ಪಾತ್ರವನ್ನು ವಹಿಸಬೇಕೆಂದು ಆಕೆ ಹಟ ಹಿಡಿದುದು ಇದರಿಂದಲೇ. ಪರದೇಶದ ಉಚ್ಚಾರಣೆಯುಳ್ಳ ಗಂಡನನ್ನು ಜನರು ಒಪ್ಪರೆಂದು ಸಂಸ್ಥೆಯವರು ಹಿಂಜರಿದರು. ದಂಪತಿಗಳು 1950ರಲ್ಲಿ ನಾಟಕಶಾಲೆಗಳಲ್ಲಿ ಜತೆಯಾಗಿ ಅಭಿನಯಿಸಿ, ಜನರು ಒಪ್ಪುವರೆಂಬುದನ್ನು ತೋರಿಸಿಕೊಟ್ಟರು.

'ಐ ಲವ್ ಲೂಸಿ' ಎಂಬ ಪ್ರದರ್ಶನವು 1951ನೆಯ ಅಕ್ಟೋಬರ್ 15ರಂದು ಆರಂಭವಾಯಿತು. ಆಗ ಆಕೆಗೆ ನಲವತ್ತು ವರ್ಷ. ಮಡಿಲಲ್ಲಿ ಮೂರು ತಿಂಗಳ ಮಗಳು. ಪ್ರೇಕ್ಷಕರ ಎದುರಿನಲ್ಲಿಯೇ ಆಡಿ, ಮೂರು ಕ್ಯಾಮೆರಾಗಳಿಂದ ಫಿಲ್ಮಿನ ಮೇಲೆ ಚಿತ್ರಿಸುವ ಏರ್ಪಾಡಾಯಿತು. ಇದರ ವೆಚ್ಚಕ್ಕಾಗಿ ದಂಪತಿಗಳು ತಮ್ಮ ಸಂಬಳವನ್ನು ತಗ್ಗಿಸಿಕೊಂಡು, ಫಿಲ್ಮುಗಳ ಒಡೆತನವನ್ನು ತಾವಿಟ್ಟುಕೊಂಡರು. ಇದಕ್ಕಿಂತ ಲಾಭದ ವ್ಯಾಪಾರವನ್ನು ನಾವು ಕೇಳಿದುದು ಅಪರೂಪ.

ಮಿಠಾಯಿ ಕಾರ್ಖಾನೆಯ ಪ್ರಸಂಗವೊಂದನ್ನು ವಾಚಕರು ಅವಕಾಶವಾದರೆ ನೋಡತಕ್ಕದ್ದು. ಚಲಿಸುವ ಪಟ್ಟಿಯ ಮೇಲೆ ಚಾಕೊಲೇಟುಗಳು ಸಾಲಾಗಿ ಬರುತ್ತವೆ. ಒಂದೊಂದಕ್ಕೂ ಕಾಗದ ಸುತ್ತಬೇಕು. ಪಟ್ಟಿಯ ವೇಗ ಹೆಚ್ಚಿದಂತೆಲ್ಲ ಲೂಸಿಯು ಅವನ್ನು ಬಾಯಿಗೆ, ಟೊಪ್ಪಿಗೆಗೆ, ರವಕೆಯೊಳಕ್ಕೆ ತುಂಬತೊಡಗುತ್ತಾಳೆ. ಅಲ್ಲಿ ನಗಿಸುವುದು ಮಾತಲ್ಲ. ಬಾಯಿ ತುಂಬಿದ ಮುಖದಲ್ಲಿ ಹೊರಳುವ ಎರಡು ಕಣ್ಣುಗಳು. ಇಂಥದನ್ನು ಆಕೆಯು ಮತ್ತೆ ಮತ್ತೆ ಅಭ್ಯಾಸಮಾಡಿದ ಹೊರತು ಆಡುತ್ತಿರಲಿಲ್ಲ.

1953ನೆಯ ಜನವರಿ 19ರಂದು ಲೂಸಿಯು ತಾಯಾಗುವ ಕಥೆಯು ಪ್ರಸಾರವಾಯಿತು. ಅದೇ ದಿನ ಆಕೆಯು ನಿಜವಾಗಿಯೂ ಗಂಡುಮಗುವನ್ನು ಹೆತ್ತಳು! ವಿಚಿತ್ರವೆಂದರೆ, ಬಸುರಿಯೆಂಬರ್ಥದ ಇಂಗ್ಲಿಷ್ ಶಬ್ದವನ್ನು ಆ ಕಥೆಗಳಲ್ಲಿ ಉಚ್ಚರಿಸಲು ಸಂಸ್ಥೆಯವರು ಬಿಡಲಿಲ್ಲ.

ಸಂಸಾರವನ್ನು ಒಂದೆಡೆ ಸೇರಿಸಲು ಕಟ್ಟಿದ ಆ ಉದ್ಯಮವು ಬೆಳೆಯಿತು. ತಾನು ಹಿಂದೆ ಸಂಬಳಕ್ಕಿದ್ದ ಸ್ಟುಡಿಯೋವನ್ನೇ ಆಕೆಯು ಗಂಡನೊಡನೆ ಕೊಂಡಳು. ಸಂಸಾರ ಮಾತ್ರ ನಿಲ್ಲಲಿಲ್ಲ. 1960ರಲ್ಲಿ ವಿವಾಹವಿಚ್ಛೇದನವಾಯಿತು. 1962ರಲ್ಲಿ ಗಂಡನ ಪಾಲನ್ನು ಕೊಂಡು ಆಕೆಯೇ ಅದರ ಅಧ್ಯಕ್ಷೆಯಾದಳು.

1985ರಲ್ಲಿ, ಎಪ್ಪತ್ತು ದಾಟಿದ ಮೇಲೆ, 'ಸ್ಟೋನ್ ಪಿಲ್ಲೋ' ಎಂಬ ದೂರದರ್ಶನ ಚಿತ್ರದಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಮಲಗುವ ಅನಾಥ ಮುದುಕಿಯ ವೇಷವನ್ನು ಧರಿಸಿದಳು. ಕಥೆಯು ದುರ್ಬಲವೆಂದೇ ನಮಗೆ ತೋರುತ್ತದೆ. ಆದರೆ ನಗಿಸುವ ಒಂದು ಚೇಷ್ಟೆಯೂ ಅದರಲ್ಲಿ ಆಕೆಗೆ ಬೇಕಾಗಲಿಲ್ಲ. ಬೇಸಗೆಯಲ್ಲಿ ಚಳಿಗಾಲದ ದಪ್ಪ ಉಡುಪನ್ನು ತೊಟ್ಟು ದುಡಿದು ಆಕೆಯು ಕಾಯಿಲೆ ಬಿದ್ದಳು. ನಾಲ್ಕು ವರ್ಷಗಳ ತರುವಾಯ, 1989ನೆಯ ಏಪ್ರಿಲ್ 26ರಂದು, ತೀರಿಕೊಂಡಳು.