ಅರ್ಧ ಬೆಲೆಯ ಪೋರ್ಷೆ, ಪೂರ್ತಿ ಬೆಲೆಯ ಖರ್ಚು

ರಾಶಿ ಅಡಿಕೆ ಕ್ವಿಂಟಲಿಗೆ 50,000 ರೂಪಾಯಿ ದಾಟಿದ ಮೇಲೆ ಶಿಕಾರಿಪುರ, ಸೊರಬ ಸೀಮೆಯಲ್ಲಿ ಗದ್ದೆಗಳು ತೋಟವಾದವು, ಅಂಗಳದ ಬೊಲೆರೊ ಪಕ್ಕ ಫಾರ್ಚುನರ್ ಬಂದು ನಿಂತಿತು. ಈಗ ಹುಡುಗರ ಮೊಬೈಲಿನಲ್ಲಿ ಓಡಾಡುತ್ತಿರುವುದು ಬೆಂಗಳೂರು, ಮುಂಬೈ, ದೆಹಲಿಯ ಸೆಕೆಂಡ್‌ಹ್ಯಾಂಡ್ ಜಾಹೀರಾತುಗಳು. ಹೊಸದರಲ್ಲಿ ಕೋಟಿ ಬಾಳುತ್ತಿದ್ದ ಪೋರ್ಷೆ ಇವತ್ತು ಫಾರ್ಚುನರ್ ದುಡ್ಡಿಗೆ ಸಿಗುತ್ತದೆ ಎಂಬ ಮಾತು ಸುಳ್ಳಲ್ಲ. ಆದರೆ ಅದು ಅರ್ಧ ಲೆಕ್ಕ. ಕಾರಿನ ಬೆಲೆ ವರ್ಷ ವರ್ಷ ಇಳಿಯುತ್ತದೆ. ಅದರ ತೆರಿಗೆ, ಬಿಡಿಭಾಗ, ರಿಪೇರಿ ಕೂಲಿ ಮಾತ್ರ ಕೋಟಿಯ ಕಾರಿನ ಮಟ್ಟದಲ್ಲೇ ಉಳಿಯುತ್ತವೆ. ಈ ಬಗ್ಗೆ ಕಟ್ಟೆಯ ಮೇಲೆ ಕೇಳಿಬರುವ ಮಾತುಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಹಳೆ ಕಾರಿಗೆ ನಾವು ಕೊಟ್ಟ ಬೆಲೆಯ ಮೇಲೆ ತೆರಿಗೆ ಹಾಕುತ್ತಾರೆ. ಅದೂ ಭಾರವಾದರೆ ಹೊರರಾಜ್ಯದ ನಂಬರಿನಲ್ಲೇ ಓಡಿಸಿದರಾಯಿತು.

ಸತ್ಯ: ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿನ ಜೀವಿತಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. ಹೊರರಾಜ್ಯದಿಂದ ತಂದ ಹಳೆ ಕಾರಿಗೆ ವಯಸ್ಸಿಗೆ ತಕ್ಕ ರಿಯಾಯಿತಿ ಇದೆ ನಿಜ. ಆದರೆ ಲೆಕ್ಕ ಶುರುವಾಗುವುದು ಹೊಸದಿದ್ದಾಗಿನ ಬೆಲೆಯಿಂದ. ಆಗ ಒಂದು ಕೋಟಿಯಿದ್ದ ಕಾರನ್ನು ಐದಾರು ವರ್ಷದ ನಂತರ ನೀವು 35 ಲಕ್ಷಕ್ಕೆ ತಂದಿರಿ ಎನ್ನೋಣ. ರಿಯಾಯಿತಿ ಕಳೆದ ಮೇಲೂ ಕಟ್ಟಬೇಕಾದ ತೆರಿಗೆ ಹತ್ತು ಲಕ್ಷ ದಾಟುತ್ತದೆ. ಹಿಂದಿನ ರಾಜ್ಯದಲ್ಲಿ ಕಟ್ಟಿದ್ದರಲ್ಲಿ ಉಳಿದದ್ದನ್ನು ವಾಪಸ್ ಪಡೆಯಲು ಆ ರಾಜ್ಯದ ಕಚೇರಿಗೇ ಅರ್ಜಿ ಹಾಕಬೇಕು.

ಬೇರೆ ನಂಬರಿನಲ್ಲೇ ಓಡಿಸುವುದಕ್ಕೂ ಮಿತಿಯಿದೆ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ವಾಹನ 12 ತಿಂಗಳಿಗಿಂತ ಹೆಚ್ಚು ಕಾಲ ಇನ್ನೊಂದು ರಾಜ್ಯದಲ್ಲಿದ್ದರೆ ಅಲ್ಲಿನ ನಂಬರು ಪಡೆಯಲೇಬೇಕು. 2021ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆ ವಶಕ್ಕೆ ಪಡೆದ ಕಾರುಗಳಲ್ಲಿ ಒಂದು ರೋಲ್ಸ್ ರಾಯ್ಸ್ ಫ್ಯಾಂಟಮ್. ಮಹಾರಾಷ್ಟ್ರದ ಆ ಕಾರು ಕೈ ಬದಲಾಗಿದ್ದರೂ ಆರ್‌ಸಿಯಲ್ಲಿ ಇನ್ನೂ ನಟ ಅಮಿತಾಭ್ ಬಚ್ಚನ್ ಹೆಸರೇ ಇತ್ತು. 2025ರ ಜುಲೈನಲ್ಲಿ ಮಹಾರಾಷ್ಟ್ರ ನಂಬರಿನ ಫೆರಾರಿಯೊಂದರ ಮಾಲೀಕರು ಬೆಂಗಳೂರಿನಲ್ಲಿ ಸುಮಾರು 1.4 ಕೋಟಿ ತೆರಿಗೆ ಕಟ್ಟಬೇಕಾಯಿತು. ಬೆಂಗಳೂರಿನ ಜನಜಂಗುಳಿಯಲ್ಲೇ ಕಣ್ಣಿಗೆ ಬಿದ್ದ ಕಾರು ಶಿರಾಳಕೊಪ್ಪದ ಸರ್ಕಲ್ಲಿನಲ್ಲಿ ಅಡಗೀತೇ?

ತಪ್ಪು ಕಲ್ಪನೆ 2: ಓಡಿರುವುದು ಬರೀ ಹನ್ನೆರಡು ಸಾವಿರ ಕಿಲೋಮೀಟರ್. ಹೊಸದೇ ಅಂದುಕೊಳ್ಳಿ.

ಸತ್ಯ: ಇಂಥ ಕಾರನ್ನು ಓಟಕ್ಕಿಂತ ನಿಲುಗಡೆಯೇ ಹೆಚ್ಚು ಕೆಡಿಸುತ್ತದೆ. ನಿಂತಲ್ಲೇ ನಿಂತರೆ ಆಯಿಲ್ ಸೀಲುಗಳು ಗಟ್ಟಿಯಾಗಿ ಸೋರುತ್ತವೆ, ಬ್ಯಾಟರಿ ಸಾಯುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುವುದರಿಂದ ಗಾಡಿ ಓಡಲಿ ಬಿಡಲಿ ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ನಮ್ಮ ಕಡೆಯ ಮಳೆಗಾಲದಲ್ಲಿ ಮುಚ್ಚಿಟ್ಟ ಕಾರಿನ ಚರ್ಮದ ಸೀಟಿಗೆ ಬೂಷ್ಟು ಹಿಡಿಯುತ್ತದೆ. ಅಡಿಕೆ, ಭತ್ತ ತುಂಬಿದ ಮನೆಯ ಶೆಡ್ಡಿನಲ್ಲಿ ಇಲಿಗಳಿಗೆ ವೈರಿಂಗು ಹಬ್ಬದೂಟ.

ಟೈರಿನ ಬದಿಯಲ್ಲಿ ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2318 ಎಂದಿದ್ದರೆ ಅದು 2018ರ 23ನೇ ವಾರ ತಯಾರಾದ ಟೈರು. ಟ್ರೆಡ್ ಇನ್ನೂ ಸವೆಯದೆ ಹೊಳೆಯುತ್ತಿದ್ದರೂ ಅಷ್ಟು ಹಳೆಯ ರಬ್ಬರನ್ನು ನಂಬಿ 200ರ ವೇಗಕ್ಕೆ ಹೋಗುವಂತಿಲ್ಲ. ಮುಂದಿನ, ಹಿಂದಿನ ಟೈರುಗಳ ಅಳತೆ ಬೇರೆ ಬೇರೆಯಾಗಿರುವುದರಿಂದ ಅದಲು ಬದಲು ಮಾಡಿ ದಿನ ದೂಡುವ ಉಪಾಯವೂ ನಡೆಯದು.

ಮುಳುಗಿದ ಗಾಡಿಯ ಬಗ್ಗೆಯೂ ಎಚ್ಚರವಿರಲಿ. 2015ರ ಚೆನ್ನೈ ನೆರೆಯಲ್ಲಿ, 2022ರ ಸೆಪ್ಟೆಂಬರಿನ ಬೆಂಗಳೂರು ನೆರೆಯಲ್ಲಿ ಭಾರಿ ಬೆಲೆಯ ಕಾರುಗಳೂ ನೀರು ಕುಡಿದವು. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಒಳಗಿನ ತುದಿಯಲ್ಲಿ ಕೆಸರಿನ ಗೆರೆಯಿದ್ದರೆ ಎಷ್ಟು ಪಾಲಿಷ್ ಹೊಡೆದಿದ್ದರೂ ಮಾತು ಅಲ್ಲಿಗೇ ನಿಲ್ಲಿಸಿ.

ತಪ್ಪು ಕಲ್ಪನೆ 3: ನಮ್ಮ ಮೆಕ್ಯಾನಿಕ್ ಕೈಗೆ ಸಿಗದ ಗಾಡಿ ಯಾವುದಿದೆ?

ಸತ್ಯ: ಕೈಚಳಕದಲ್ಲಿ ನಮ್ಮ ಊರಿನ ಮೆಕ್ಯಾನಿಕ್‌ಗಳು ಯಾರಿಗೂ ಕಡಿಮೆಯಿಲ್ಲ. ಅವರಲ್ಲಿ ಇಲ್ಲದ್ದು ಕಂಪನಿಯ ಸಾಫ್ಟ್‌ವೇರ್, ಸ್ಪೆಷಲ್ ಟೂಲ್ ಮತ್ತು ಬಿಡಿಭಾಗ. ಪೋರ್ಷೆ ಕೇಮನ್‌ನ ಮುಂದಿನ ಬಾನೆಟ್ ಎತ್ತಿದರೆ ಕಾಣುವುದು ಸೂಟ್‌ಕೇಸ್ ಇಡುವ ಜಾಗ. ಎಂಜಿನ್ ಇರುವುದು ಸೀಟಿನ ಬೆನ್ನ ಹಿಂದೆ. ಅದನ್ನು ಸರಿಯಾಗಿ ನೋಡಬೇಕಾದರೆ ಕಾರನ್ನು ಲಿಫ್ಟಿನ ಮೇಲೆ ಏರಿಸಿ ಕೆಳಗಿನಿಂದ ಬಿಚ್ಚಬೇಕು. 1990ರ ದಶಕದ ಫೆರಾರಿ ಎಫ್355ರಲ್ಲಂತೂ ಟೈಮಿಂಗ್ ಬೆಲ್ಟ್ ಬದಲಿಸಲು ಇಡೀ ಎಂಜಿನ್ ಇಳಿಸಬೇಕು. ಬೆಲ್ಟು ದುಬಾರಿಯಲ್ಲ, ಅದರವರೆಗೆ ಕೈ ತಲುಪಿಸುವ ಕೂಲಿ ದುಬಾರಿ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಇಂಥ ಬಿಲ್ಲನ್ನು ನೋಡಿಯೇ ಹುಟ್ಟಿರಬೇಕು.

ಪ್ರತಿ ಮಾಡೆಲ್ಲಿಗೂ ಒಂದು ಹುಟ್ಟುರೋಗ ಇರುತ್ತದೆ. 1997ರಿಂದ 2008ರ ನಡುವಿನ ಹಲವು ಪೋರ್ಷೆ ಬಾಕ್ಸ್‌ಟರ್, 911 ಕಾರುಗಳಲ್ಲಿ ಐಎಂಎಸ್ ಎಂಬ ಒಂದು ಬೇರಿಂಗ್ ಕೈಕೊಟ್ಟರೆ ಇಡೀ ಎಂಜಿನ್ ಹೋಗುತ್ತದೆ. ಅದು ಬದಲಾಗಿದೆಯೇ ಎಂಬುದು ಸರ್ವೀಸ್ ಬಿಲ್ಲಿನಲ್ಲಿ ಗೊತ್ತಾಗಬೇಕೇ ಹೊರತು ಮಾರುವವರ ಬಾಯಿಮಾತಿನಲ್ಲಿ ಅಲ್ಲ. ಪೋರ್ಷೆಯ ಅಧಿಕೃತ ಸರ್ವೀಸಿಗೆ ಬೆಂಗಳೂರಿಗೇ ಹೋಗಬೇಕು. ಶಿಕಾರಿಪುರದಿಂದ ಹೋಗಿ ಬರುವುದೆಂದರೆ ಆರೇಳು ನೂರು ಕಿಲೋಮೀಟರ್. ಗಾಡಿ ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಯುವಂತಿಲ್ಲ, ಚಪ್ಪಟೆ ತಟ್ಟೆಯ ಲಾರಿಯ ಮೇಲೇ ಸಾಗಿಸಬೇಕು.

ತಪ್ಪು ಕಲ್ಪನೆ 4: ರಸ್ತೆಗಳೆಲ್ಲ ಈಗ ಚೆನ್ನಾಗಿವೆ, ಆರಾಮಾಗಿ ಓಡಿಸಬಹುದು.

ಸತ್ಯ: ಡಾಂಬರು ಚೆನ್ನಾಗಿದ್ದರೆ ಸಾಲದು, ಹಂಪ್ಸ್ ಲೆಕ್ಕಕ್ಕೆ ತೆಗೆದುಕೊಳ್ಳಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ರಸ್ತೆಯುಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಸ್ಪೋರ್ಟ್ಸ್ ಕಾರಿನ ಹೊಟ್ಟೆ ನೆಲದಿಂದ ಇರುವುದೇ ಸುಮಾರು 11–12 ಸೆಂಟಿಮೀಟರ್ ಮೇಲೆ. ಶಿಕಾರಿಪುರದಿಂದ ಶಿರಾಳಕೊಪ್ಪ ಹಾದು ಸೊರಬಕ್ಕೆ ಹೋಗುವಾಗ, ಊರವರೇ ರಾತ್ರೋರಾತ್ರಿ ಹಾಕಿಕೊಂಡ ಕಿರಿದಾದ, ಎತ್ತರದ ಉಬ್ಬು ಒಂದೇ ಒಂದು ಸಿಕ್ಕರೂ ಮುಂದಿನ ಬಂಪರಿನ ಕೆಳತುಟಿ ಸೀಳುತ್ತದೆ. ಮೂತಿ ಎತ್ತುವ ಲಿಫ್ಟ್ ವ್ಯವಸ್ಥೆ ಕೆಲವು ಕಾರುಗಳಲ್ಲಿ ಮಾತ್ರ ಇರುತ್ತದೆ. ಹಳೆ ಕಾರು ಕೊಳ್ಳುವವರು ಸ್ಟೀರಿಯೋ ಕೇಳುವ ಮೊದಲು ಇದನ್ನು ಕೇಳಬೇಕು.

ತಪ್ಪು ಕಲ್ಪನೆ 5: ಇನ್ಶೂರೆನ್ಸ್ ಇದೆ, ನೋ ಕ್ಲೇಮ್ ಬೋನಸ್ಸೂ ಗಾಡಿಯ ಜೊತೆಗೇ ಬರುತ್ತದೆ.

ಸತ್ಯ: ಬೋನಸ್ ಸೇರಿದ್ದು ವ್ಯಕ್ತಿಗೆ, ವಾಹನಕ್ಕಲ್ಲ. ಹಿಂದಿನ ಮಾಲೀಕರು ಗಳಿಸಿದ ಶೇ 50ರ ರಿಯಾಯಿತಿ ಅವರ ಜೊತೆಗೇ ಹೋಗುತ್ತದೆ. ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಹಾಕಬೇಕು. ತಡಮಾಡಿದರೆ ನಿಮ್ಮ ಕಾರಿಗೆ ಆದ ಹಾನಿಯ ಪರಿಹಾರಕ್ಕೆ ಕಲ್ಲು ಬೀಳಬಹುದು. ಥರ್ಡ್ ಪಾರ್ಟಿ ಕಂತು ಮಾತ್ರ ಹೊರೆಯಲ್ಲ: 1500 ಸಿಸಿ ಮೀರಿದ ಯಾವ ಖಾಸಗಿ ಕಾರಿಗಾದರೂ 2022ರಲ್ಲಿ ನಿಗದಿಯಾದ ದರ 7,897 ರೂಪಾಯಿ, ಫೆರಾರಿಗೂ ಅಷ್ಟೇ, ಇನ್ನೋವಾಕ್ಕೂ ಅಷ್ಟೇ. ಪೆಟ್ಟು ಬೀಳುವುದು ಬೇರೆ ಕಡೆ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಅರ್ಧ ಬೆಲೆ ನಿಮ್ಮ ತಲೆಗೇ ಬರುತ್ತದೆ. ಆ ಸೀಳಿದ ಬಂಪರ್ ಪ್ಲಾಸ್ಟಿಕ್ಕಿನದೇ.

ತಪ್ಪು ಕಲ್ಪನೆ 6: ಹಳೆ ಕಾರಿಗೂ ಶೇ 18 ಜಿಎಸ್‌ಟಿ ಬಂದಿದೆಯಂತೆ.

ಸತ್ಯ: 2024ರ ಡಿಸೆಂಬರಿನ ತೀರ್ಮಾನದಂತೆ ಆ ತೆರಿಗೆ ನೋಂದಾಯಿತ ವ್ಯಾಪಾರಿಗೆ ಬರುವ ಲಾಭದ ಅಂತರದ ಮೇಲೆ ಮಾತ್ರ. ಒಬ್ಬ ಸಾಮಾನ್ಯ ಮಾಲೀಕರಿಂದ ನೀವು ನೇರ ಕೊಂಡರೆ ಜಿಎಸ್‌ಟಿ ಇಲ್ಲ.

ತಪ್ಪು ಕಲ್ಪನೆ 7: ಅಡಿಕೆ ದುಡ್ಡಿಗೆ ತೆರಿಗೆ ಇಲ್ಲ, ನಗದು ಎಣಿಸಿಕೊಟ್ಟು ಗಾಡಿ ತರಬಹುದು.

ಸತ್ಯ: ಕೃಷಿ ಆದಾಯಕ್ಕೆ ವಿನಾಯಿತಿ ಇರುವುದು ನಿಜ, ನಗದು ವಹಿವಾಟಿಗಲ್ಲ. 2017ರ ಏಪ್ರಿಲ್‌ನಿಂದ ಒಂದು ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ; ಪಡೆದವರಿಗೆ ಅಷ್ಟೇ ಮೊತ್ತದ ದಂಡ. ಅದಕ್ಕೇ ಕೆಲವರು ಕಾಗದದಲ್ಲಿ ಕಡಿಮೆ ಬೆಲೆ ಬರೆಸೋಣ ಎನ್ನುತ್ತಾರೆ. ನಾಳೆ ಗಾಡಿಯ ಬಗ್ಗೆ ತಕರಾರು ಎದ್ದರೆ ಉಳಿದ ದುಡ್ಡು ಕೊಟ್ಟಿದ್ದಕ್ಕೆ ನಿಮ್ಮ ಬಳಿ ಚೂರು ಪುರಾವೆಯೂ ಇರುವುದಿಲ್ಲ.

ತಪ್ಪು ಕಲ್ಪನೆ 8: ಇಳಿಯುವಷ್ಟು ಬೆಲೆ ಇಳಿದಾಗಿದೆ, ಇನ್ನು ನಷ್ಟವಿಲ್ಲ.

ಸತ್ಯ: ಇದರಲ್ಲಿ ಅರ್ಧ ನಿಜವಿದೆ. ಮೊದಲ ವರ್ಷಗಳ ದೊಡ್ಡ ಕುಸಿತವನ್ನು ಹಿಂದಿನ ಮಾಲೀಕರು ಹೊತ್ತಿರುತ್ತಾರೆ, 911ನಂಥ ಕಾರುಗಳು ಬೆಲೆಯನ್ನು ಚೆನ್ನಾಗಿ ಹಿಡಿದುಕೊಳ್ಳುತ್ತವೆ. ಆದರೆ ವಯಸ್ಸಿಗೂ ಶುಲ್ಕವಿದೆ. 2022ರ ಏಪ್ರಿಲ್‌ನಿಂದ 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣಕ್ಕೆ 5,000 ರೂಪಾಯಿ, ಆಮದು ಕಾರಿಗಾದರೆ 40,000. 20 ವರ್ಷ ದಾಟಿದ ಆಮದು ಕಾರಿಗೆ 2025ರಲ್ಲಿ ಅದು 80,000ಕ್ಕೆ ಏರಿತು. ಮಾರುವಾಗಲೂ ಗಿರಾಕಿ ಸಿಗುವುದು ಬೆಂಗಳೂರಿನಲ್ಲೇ. ಸೊರಬದ ಸಂತೆಯಲ್ಲಿ ಇದಕ್ಕೆ ಬೆಲೆ ಕಟ್ಟುವವರಿಲ್ಲ.

ತಪ್ಪು ಕಲ್ಪನೆ 9: ಹಾಗಾದರೆ ಇದು ಹುಚ್ಚು, ಕೊಳ್ಳಲೇಬಾರದು.

ಸತ್ಯ: ಆಸೆ ತಪ್ಪಲ್ಲ, ಲೆಕ್ಕ ತಪ್ಪಬಾರದು. ಅಡಿಕೆಯ ದುಡ್ಡು ಕೊಯ್ಲಿನ ಹೊತ್ತಿಗೆ ವರ್ಷಕ್ಕೊಮ್ಮೆ ಬರುತ್ತದೆ. ಕಾರಿನ ಬಿಲ್ಲು ಕೊಳೆರೋಗದ ಆಷಾಢದಲ್ಲೂ ಬರುತ್ತದೆ. ಆದ್ದರಿಂದ ಟೋಕನ್ ಅಡ್ವಾನ್ಸ್ ಕೊಡುವ ಮೊದಲು ಚಾಸಿ ನಂಬರು ಹಿಡಿದು ಅಧಿಕೃತ ಸರ್ವೀಸ್ ದಾಖಲೆ ತರಿಸಿ, ಬೆಂಗಳೂರಿನ ವರ್ಕ್‌ಶಾಪಿನಲ್ಲಿ ಲಿಫ್ಟಿಗೆ ಏರಿಸಿ ತಪಾಸಣೆ ಮಾಡಿಸಿ. ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ತೆಗೆಸಿದ್ದಾರೆಯೇ ನೋಡಿ. ತೆರಿಗೆ ಎಷ್ಟಾಗುತ್ತದೆಂದು ಸಾರಿಗೆ ಕಚೇರಿಯಲ್ಲೇ ವಿಚಾರಿಸಿ. ನಾಲ್ಕು ಟೈರು, ಬ್ರೇಕು, ಒಂದು ದೊಡ್ಡ ಸರ್ವೀಸಿನ ಅಂದಾಜು ಪಟ್ಟಿ ಬರೆಸಿಕೊಳ್ಳಿ. ಇವೆಲ್ಲವನ್ನೂ ಕೂಡಿ, ಆ ಮೊತ್ತ ತೋಟಕ್ಕೆ ಗೊಬ್ಬರ ಹಾಕುವ ದುಡ್ಡನ್ನು ಮುಟ್ಟದೆ ಬ್ಯಾಂಕಿನಲ್ಲಿ ಬೇರೆಯೇ ಇದ್ದರೆ ಕಾರು ತನ್ನಿ. ಇಲ್ಲದಿದ್ದರೆ ಫಾರ್ಚುನರ್ ಸಾಕು.