ಹಾಡು ಕಟ್ಟುವವರಿಗೆ ಇನ್ನೊಂದು ಕಿವಿ ಬೇಕು

ನಮ್ಮ ಯುವಜನ ಸಂವಾದ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. “ನಾನು ಹಾಡು ಬರೆಯುತ್ತೇನೆ. ಗೆಳೆಯರೆಲ್ಲ ಚೆನ್ನಾಗಿದೆ ಅನ್ನುತ್ತಾರೆ. ನಿಜವಾಗಿಯೂ ಚೆನ್ನಾಗಿದೆಯೇ ಎಂಬುದನ್ನು ತಿಳಿಯುವುದು ಹೇಗೆ?” ಬರೆಯುವವರು ಹೆಚ್ಚಾಗಿ ಪಿ.ಯು.ಸಿ. ಅಥವಾ ಪದವಿ ತರಗತಿಯ ವಿದ್ಯಾರ್ಥಿಗಳು. ಕಥೆ ಬರೆಯುವವರು ಈ ಪ್ರಶ್ನೆಯನ್ನು ಇಷ್ಟು ಕಳವಳದಿಂದ ಕೇಳುವುದಿಲ್ಲ. ಹಾಡು ಬರೆಯುವವರು ಕೇಳುತ್ತಾರೆ, ಏಕೆಂದರೆ ಹಾಡು ಕಾಗದದ ಮೇಲೆ ಒಂದು ರೀತಿ ಇರುತ್ತದೆ, ಗಂಟಲಿನಲ್ಲಿ ಇನ್ನೊಂದು ರೀತಿ ಇರುತ್ತದೆ. ಬರೆದವರ ಕಿವಿಗೆ ಈ ಎರಡರ ನಡುವಿನ ಅಂತರ ಬೇಗ ಕೇಳಿಸುವುದಿಲ್ಲ.

ನನಗೂ ಕೇಳಿಸಿರಲಿಲ್ಲ. ಕೆಲವು ವರ್ಷಗಳ ಹಿಂದೆ ಗ್ರಾಮೀಣ ಕಲಾವಿದರ ಕುರಿತ ಒಂದು ಸರಣಿಗೆ ಶೀರ್ಷಿಕೆ ಗೀತೆ ಬೇಕಾಗಿತ್ತು. ಹಣ ಉಳಿಸುವ ಆಸೆಯಿಂದ ನಾನೇ ಬರೆದೆ. ಕ್ಯಾಮೆರಾದವರು ಹೊಗಳಿದರು, ಸಂಕಲನಕಾರರು ಹೊಗಳಿದರು, ವಾದ್ಯದವರೂ ಹೊಗಳಿದರು. ನಿರ್ಮಾಪಕನೇ ಬರೆದ ಹಾಡಿಗೆ ಯಾರು ತಪ್ಪು ಹೇಳುತ್ತಾರೆ? ಚಿತ್ರೀಕರಣಕ್ಕೆಂದು ಬಬಲೇಶ್ವರದ ಕಡೆಯ ಒಂದು ಹಳ್ಳಿಗೆ ಹೋದಾಗ ಅಲ್ಲಿನ ಭಜನಾ ಮಂಡಳಿಯ ಕೈಗೆ ಆ ಹಾಡನ್ನು ಕೊಟ್ಟೆ. ಹಾರ್ಮೋನಿಯಂ ಹಿಡಿದಿದ್ದ ಹಿರಿಯರು ಎರಡು ಸಲ ಗುನುಗಿ ನೋಡಿದರು. ಆಮೇಲೆ ಕನ್ನಡಕ ತೆಗೆದು, “ಅರ್ಥ ಛಲೋ ಐತ್ರೀ ಸಾಹೇಬ್ರ. ಆದ್ರ ಈ ಮೂರನೇ ಸಾಲಿನ್ಯಾಗ ಉಸರು ಎಲ್ಲಿ ತಗೋಬೇಕ್ರಿ?” ಎಂದು ಕೇಳಿದರು.

ನನ್ನ ಬಳಿ ಉತ್ತರವಿರಲಿಲ್ಲ. ಆ ಸಾಲಿನಲ್ಲಿ ಒಂದರ ಬೆನ್ನಿಗೊಂದು ನಾಲ್ಕು ಸಂಸ್ಕೃತ ಸಮಾಸಗಳಿದ್ದವು. ಓದುವಾಗ ಗಂಭೀರವಾಗಿ ಕಾಣುತ್ತಿದ್ದ ಸಾಲು ಹಾಡುವಾಗ ಎದೆಯ ಗಾಳಿಯನ್ನೆಲ್ಲ ಖಾಲಿ ಮಾಡುತ್ತಿತ್ತು. ನಾನು ವಿಜ್ಞಾನದ ಪದವೀಧರ. ಉಪಕರಣವನ್ನು ಪರೀಕ್ಷಿಸದೆ ಪ್ರಯೋಗಕ್ಕೆ ಇಳಿಯಬಾರದೆಂದು ಕಲಿತವನು. ಆದರೂ ನನ್ನ ಹಾಡನ್ನು ಒಂದು ಸಲವೂ ಗಟ್ಟಿಯಾಗಿ ಹಾಡಿ ನೋಡಿರಲಿಲ್ಲ.

ಆ ಹಿರಿಯರ ಪ್ರಶ್ನೆ ಅವರೊಬ್ಬರದಲ್ಲ. ಅದರ ಹಿಂದೆ ಈ ನೆಲದ ಬಹಳ ಹಳೆಯ ಒಂದು ವ್ಯವಸ್ಥೆ ಇದೆ. ಅದು ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ಸ್ವಲ್ಪ ನೋಡೋಣ. (ಅನುಭವ ಮಂಟಪದಿಂದ ಆರಂಭಿಸುವುದಿಲ್ಲ, ಅದು ಎಲ್ಲ ಭಾಷಣಗಳಲ್ಲೂ ಬಂದೇ ಬರುತ್ತದೆ.)

ಬೀಸುವ ಕಲ್ಲಿನ ಮುಂದೆ

ಮೊದಲು ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿ ಇದೆ. ಆ ಶಾಸನ ಸುಮಾರು ಕ್ರಿ.ಶ. 700ರ ಕಾಲದ್ದು. 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾಗುವವರೆಗೆ ಬಾದಾಮಿಯೂ ವಿಜಯಪುರ ಜಿಲ್ಲೆಯಲ್ಲೇ ಇತ್ತು. ಅಲ್ಲಿಂದ ಇಲ್ಲಿಯವರೆಗೆ ಸಾವಿರದ ಮುನ್ನೂರು ವರ್ಷ ಒಂದು ಛಂದಸ್ಸು ಬದುಕಿ ಬಂದಿದೆ. ಅದನ್ನು ಹೆಚ್ಚಾಗಿ ಉಳಿಸಿದವರು ಪಂಡಿತರಲ್ಲ, ಬೆಳಗಿನ ಜಾವ ಬೀಸುವ ಕಲ್ಲಿನ ಎದುರುಬದುರು ಕುಳಿತ ಹೆಣ್ಣುಮಕ್ಕಳು.

ತರಗತಿಯಲ್ಲಿ ನೀವು ಲಕ್ಷಣ ಕಲಿತಿರುತ್ತೀರಿ: ಮೂರು ಸಾಲು, ಒಟ್ಟು ಹನ್ನೊಂದು ಅಂಶಗಣ, ಆರನೆಯದು ಮತ್ತು ಹತ್ತನೆಯದು ಬ್ರಹ್ಮಗಣ, ಉಳಿದವು ವಿಷ್ಣುಗಣ. ಪರೀಕ್ಷೆಗೆ ಇಷ್ಟು ಸಾಕು. ಹಾಡಿಕೆಯಲ್ಲಿ ಇನ್ನೊಂದು ಸಂಗತಿ ಇದೆ. ಎರಡನೆಯ ಸಾಲು ಮುಗಿದ ಕೂಡಲೇ ಮೂರನೆಯದಕ್ಕೆ ಹೋಗುವುದಿಲ್ಲ. ಎರಡನೆಯ ಸಾಲಿನ ಭಾಗವನ್ನು ಮತ್ತೆ ಹಾಡಿ ಮುಂದೆ ಹೋಗುತ್ತಾರೆ. ಅಂದರೆ ಆ ಸಾಲನ್ನು ಕಿವಿ ಎರಡು ಸಲ ಕೇಳುತ್ತದೆ. ಅಲ್ಲಿ ಟೊಳ್ಳು ಮಾತಿದ್ದರೆ ಎರಡನೆಯ ಸಲ ಬಯಲಾಗುತ್ತದೆ. ಒಬ್ಬಳು ಸಾಲು ಎತ್ತಿದಾಗ ಎದುರಿಗಿದ್ದವಳು ಅದನ್ನು ಹಿಡಿದು ಮುಂದುವರಿಸಬೇಕು. ನಾಲಗೆಗೆ ತೊಡಕಾದ ಪದವನ್ನು ಅವಳು ತಿಳಿದೋ ತಿಳಿಯದೆಯೋ ಬದಲಿಸುತ್ತಾಳೆ. ಮರುದಿನ ಆ ಬದಲಾದ ಸಾಲೇ ಉಳಿಯುತ್ತದೆ. ನೆನಪಿನಲ್ಲಿ ನಿಲ್ಲದ್ದು ತಾನಾಗಿ ಬಿದ್ದುಹೋಗುತ್ತದೆ.

ಜೀವಶಾಸ್ತ್ರ ಓದಿದವರಿಗೆ ಇದು ಪರಿಚಿತವಾಗಿ ಕಾಣಬಹುದು. ಸಣ್ಣ ಸಣ್ಣ ಬದಲಾವಣೆಗಳು, ಆಯ್ಕೆ, ಮತ್ತೆ ಬದಲಾವಣೆ. ಯಾರೂ ವಿಮರ್ಶೆ ಬರೆಯಲಿಲ್ಲ, ಯಾರೂ ಯಾರನ್ನೂ ನೋಯಿಸಲಿಲ್ಲ, ಆದರೂ ಹಾಡು ಸೋಸಿಕೊಂಡು ಬಂತು. ಜನಪದ ಹಾಡು ಎಂದರೆ ಕವಿ ಇಲ್ಲದ ಹಾಡು ಎನ್ನುತ್ತೇವೆ. ನೂರಾರು ತಿದ್ದುವವರಿದ್ದ ಹಾಡು ಎನ್ನುವುದು ಹೆಚ್ಚು ಸರಿ ಎಂದು ನನಗೆ ತೋರುತ್ತದೆ.

ಊರಿಗೆ ಹಿಟ್ಟಿನ ಗಿರಣಿ ಬಂತು. ಹೆಣ್ಣುಮಕ್ಕಳ ತೋಳಿಗೆ ವಿಶ್ರಾಂತಿ ಸಿಕ್ಕಿತು; ಅದನ್ನು ಬೇಡವೆನ್ನುವ ಹಕ್ಕು ನಮಗಿಲ್ಲ. ಆದರೆ ಗಿರಣಿಯ ಸದ್ದಿನಲ್ಲಿ ಹಾಡನ್ನು ಸೋಸುತ್ತಿದ್ದ ಆ ಜಾಗ ಮುಚ್ಚಿಹೋಯಿತು. ಇಂದು ಟಿಕೋಟಾದ ಹುಡುಗಿಯೊಬ್ಬಳು ಹಾಡು ಕಟ್ಟಿದರೆ ಅದನ್ನು ಎದುರಿಗೆ ಕುಳಿತು ಹಿಡಿದುಕೊಳ್ಳುವವರು ಯಾರು? ಮೊದಲು ಹೇಳಿದ ಪತ್ರಗಳ ಕಳವಳ ಹುಟ್ಟುವುದು ಇಲ್ಲಿಂದಲೇ.

ಸವಾಲು, ಜವಾಬು

ಇನ್ನೊಂದು ಜಾಗ ಅಷ್ಟು ಸೌಮ್ಯವಾದುದಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ನಡೆಯುವ ಗೀಗೀ ಪದದ ಮೇಳಗಳನ್ನು ನೀವು ಕೇಳಿರಬಹುದು. ದಪ್ಪು, ತುಂತುಣಿ, ತಾಳ. ಹಿಮ್ಮೇಳದ “ಗೀಯ ಗೀಯ”. ಹರದೇಶಿಯವರು ಒಂದು ಕಡೆ, ನಾಗೇಶಿಯವರು ಇನ್ನೊಂದು ಕಡೆ. ಹರದೇಶಿ ಶಿವನ ಪಕ್ಷ, ಗಂಡಿನ ಪಕ್ಷ. ನಾಗೇಶಿ ಶಕ್ತಿಯ ಪಕ್ಷ, ಹೆಣ್ಣಿನ ಪಕ್ಷ. ಕಲ್ಗಿ-ತುರಾಯಿ ಎಂದೂ ಇದನ್ನು ಕರೆಯುತ್ತಾರೆ. ಒಂದು ಮೇಳ ಹಾಡಿನಲ್ಲಿ ಸವಾಲು ಹಾಕಿದರೆ ಇನ್ನೊಂದು ಮೇಳ ಹಾಡಿನಲ್ಲೇ ಜವಾಬು ಕೊಡಬೇಕು. ಇದು ರಾತ್ರಿಯಿಡೀ ನಡೆಯುತ್ತದೆ.

ಇಲ್ಲಿ ಎದುರಾಳಿಯೇ ಅತ್ಯಂತ ಎಚ್ಚರದ ಶ್ರೋತೃ. ನಿಮ್ಮ ಪದದಲ್ಲಿ ಪುರಾಣದ ಒಂದು ಹೆಸರು ತಪ್ಪಿದ್ದರೆ, ಒಂದು ನುಡಿಯ ತರ್ಕ ಮುಂದಿನ ನುಡಿಗೆ ಹೊಂದದಿದ್ದರೆ, ಅವನು ಅಲ್ಲಿಯೇ ಹಿಡಿಯುತ್ತಾನೆ. ಸಾವಿರ ಜನ ನಗುತ್ತಾರೆ. ಪದದ ಕೊನೆಯ ನುಡಿಯಲ್ಲಿ ಊರಿನ ಹೆಸರು, ಗುರುವಿನ ಹೆಸರು, ಕಟ್ಟಿದವನ ಹೆಸರು ಬರುವ ವಾಡಿಕೆ ಇದೆ. ಆದ್ದರಿಂದ ಸಡಿಲ ಪದ ಕಟ್ಟಿದವನು ತನ್ನ ಊರಿನ ಮಾನವನ್ನೂ ಜೊತೆಗೆ ಕಳೆಯುತ್ತಾನೆ. ಪದ ಕಟ್ಟುವ ಮಾಸ್ತರರು ಜಾತ್ರೆಗೆ ಮೊದಲೇ ತಮ್ಮ ಮೇಳದವರ ಮುಂದೆ ಪದವನ್ನು ಹಾಡಿಸಿ, ಎದುರು ಪಕ್ಷದವರು ಏನು ಕೇಳಬಹುದೆಂದು ತಾವೇ ಕೇಳಿಕೊಂಡು ತಿದ್ದುವುದು ಇದಕ್ಕಾಗಿಯೇ. ಆತ್ಮವಿಮರ್ಶೆ ಎಂಬ ದೊಡ್ಡ ಶಬ್ದ ಅಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಎದುರಾಳಿಯ ಕಿವಿಯನ್ನು ಸ್ವಲ್ಪ ಹೊತ್ತು ಎರವಲು ಪಡೆಯುವುದು ಅಷ್ಟೇ.

ಮೊಹರಮ್ ಕಾಲದಲ್ಲಿ ಈ ಭಾಗದ ಹಳ್ಳಿಗಳಲ್ಲಿ ಹಾಡುವ ರಿವಾಯತ್ ಪದಗಳಲ್ಲಿಯೂ ಹೀಗೆಯೇ. ಕರ್ಬಲಾದ ಕಥೆ ಕನ್ನಡದಲ್ಲಿ, ಹಾಡುವವರಲ್ಲಿ ಹಿಂದೂಗಳೂ ಮುಸಲ್ಮಾನರೂ ಇರುತ್ತಾರೆ. ಓಣಿ ಓಣಿಗಳ ನಡುವೆ ಪೈಪೋಟಿಯೂ ಇರುತ್ತದೆ.

ಈ ಪದ್ಧತಿಗೆ ಒಂದು ಕೆಟ್ಟ ಮುಖವೂ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಸವಾಲು ಹಲವು ಸಲ ಬೈಗುಳಕ್ಕೆ ಇಳಿಯುತ್ತದೆ. ನಾಗೇಶಿ ಪಕ್ಷದಲ್ಲಿ ಹಾಡುವ ಮಹಿಳೆಯರಿಗೆ ಬರುವ ಮಾತುಗಳು ಎಲ್ಲವೂ ಸಭ್ಯವಲ್ಲ. ಹಾಡನ್ನು ಟೀಕಿಸುವುದು ಬೇರೆ, ಹಾಡಿದವರನ್ನು ಹಂಗಿಸುವುದು ಬೇರೆ. ಒಳ್ಳೆಯ ಮೇಳಗಳ ಹಿರಿಯರಿಗೆ ಈ ಗೆರೆ ಎಲ್ಲಿದೆಯೆಂದು ಚೆನ್ನಾಗಿ ಗೊತ್ತು.

ಹಲಸಂಗಿಯ ಗೆಳೆಯರು

ವಿಜಯಪುರದಿಂದ ಉತ್ತರಕ್ಕೆ, ಭೀಮಾ ತೀರದ ಕಡೆ ಹಲಸಂಗಿ ಎಂಬ ಊರಿದೆ. ಲಾವಣಿಕಾರ ಖಾಜಾಭಾಯಿಯ ಊರು. ಅಲ್ಲಿ 1920ರ ದಶಕದಲ್ಲಿ ಕೆಲವು ಯುವಕರು ಒಟ್ಟುಗೂಡಿದರು: ಮಧುರಚೆನ್ನರೆಂದು ಹೆಸರಾದ ಚೆನ್ನಮಲ್ಲಪ್ಪ ಗಲಗಲಿ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ. ಇವರಲ್ಲಿ ಯಾರೂ ವಿಶ್ವವಿದ್ಯಾಲಯದ ಪಂಡಿತರಲ್ಲ. ಮಧುರಚೆನ್ನರ ಶಾಲೆಯ ಓದು ಮುಲ್ಕಿ ಪರೀಕ್ಷೆಯವರೆಗೆ; ಲಿಂಗಣ್ಣನವರು ಪ್ರಾಥಮಿಕ ಶಾಲೆಯ ಶಿಕ್ಷಕರು. ಮಧುರಚೆನ್ನರಿಗೆ ಧಾರವಾಡದ ಗೆಳೆಯರ ಗುಂಪಿನ ದ. ರಾ. ಬೇಂದ್ರೆಯವರೊಡನೆ ಆಳವಾದ ಸ್ನೇಹವಿತ್ತು.

ಸ್ವತಃ ಕವಿಗಳಾಗಿದ್ದ ಇವರು ಮಾಡಿದ ದೊಡ್ಡ ಕೆಲಸ ಮಾತ್ರ ತಮ್ಮ ಕವಿತೆ ಅಚ್ಚು ಹಾಕಿಸಿದ್ದಲ್ಲ. ಹಳ್ಳಿಯ ಹೆಣ್ಣುಮಕ್ಕಳ ತ್ರಿಪದಿಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ಅವು “ಗರತಿಯ ಹಾಡು” ಎಂಬ ಪುಸ್ತಕವಾಗಿ ಬಂದವು. ಬಿ. ಎಂ. ಶ್ರೀಕಂಠಯ್ಯ, ಮಾಸ್ತಿ, ಬೇಂದ್ರೆಯವರಂಥವರು ಅದಕ್ಕೆ ಮುನ್ನುಡಿಯ ಮಾತು ಬರೆದರು. ಮುಂದೆ “ಜೀವನ ಸಂಗೀತ”, “ಮಲ್ಲಿಗೆ ದಂಡೆ” ಎಂಬ ಸಂಗ್ರಹಗಳೂ ಬಂದವು.

ಇದನ್ನು ಜಾನಪದ ಸಂಗ್ರಹ ಎಂಬ ತಲೆಬರಹದಡಿ ಓದಿ ಮುಂದೆ ಹೋಗುತ್ತೇವೆ. ಹಾಡು ಬರೆಯುವವರ ಕಣ್ಣಿನಿಂದ ನೋಡಿ. ಅಕ್ಷರ ಬಾರದ ಹೆಣ್ಣುಮಗಳ ಮುಂದೆ ಕುಳಿತು, ಅವಳು ಹೇಳಿದ್ದನ್ನು ಒಂದಕ್ಷರವೂ ಬದಲಿಸದೆ ಬರೆದುಕೊಳ್ಳುವಾಗ, ಕವಿಯಾದವನಿಗೆ ತನ್ನ ಸಾಲುಗಳ ನೆನಪು ಬರದೆ ಇರುತ್ತದೆಯೇ? ಮೂರೇ ಸಾಲಿನಲ್ಲಿ ತವರಿನ ದಾರಿಯನ್ನು ಕಣ್ಣಿಗೆ ಕಟ್ಟುವ ಹಾಡಿನ ಪಕ್ಕದಲ್ಲಿ ನಮ್ಮ ಉದ್ದುದ್ದ ಪದ್ಯವನ್ನು ಇಟ್ಟು ನೋಡುವುದಕ್ಕಿಂತ ಕಠಿಣವಾದ ವಿಮರ್ಶೆ ಇನ್ನೊಂದಿಲ್ಲ. ಮಧುರಚೆನ್ನರ “ನನ್ನ ನಲ್ಲ” ಕಾವ್ಯದಲ್ಲಿ ಜನಪದ ಧಾಟಿಯ ನೆರಳು ಬಿದ್ದಿರುವುದು ಆಕಸ್ಮಿಕವಲ್ಲವೆಂದು ನಾನು ನಂಬುತ್ತೇನೆ. ತಮ್ಮ ಒಳಬದುಕಿನ ಸಂದೇಹಗಳನ್ನೂ ಸೋಲುಗಳನ್ನೂ ಮರೆಮಾಚದೆ ಬರೆದ ಅವರ ಆತ್ಮಕಥನದ ಭಾಗಗಳಲ್ಲಿ ಒಂದಕ್ಕೆ “ಕಾಳರಾತ್ರಿ” ಎಂದೇ ಹೆಸರು. ತನ್ನನ್ನು ಅಷ್ಟು ನಿಷ್ಠುರವಾಗಿ ನೋಡಿಕೊಳ್ಳಬಲ್ಲವನಿಗೆ ತನ್ನ ಪದ್ಯದ ಸಾಲೊಂದನ್ನು ಹೊಡೆದುಹಾಕುವುದು ಕಷ್ಟವಾಗಿರಲಾರದು. ಅವರು ತೀರಿಕೊಂಡದ್ದು 1953ರಲ್ಲಿ. ಸಿಂಪಿ ಲಿಂಗಣ್ಣನವರು 1990ರ ದಶಕದವರೆಗೂ ನಮ್ಮೊಡನಿದ್ದರು.

ಇದಕ್ಕೆ ತದ್ವಿರುದ್ಧವಾದ ಚಿತ್ರವೂ ಇದೇ ಜಿಲ್ಲೆಯಲ್ಲಿದೆ. ವಿಜಯಪುರದಿಂದ ಟಿಕೋಟಾ ಕಡೆಗೆ ಹೋಗುವಾಗ ತೊರವಿ ಸಿಗುತ್ತದೆ. ಕುಮಾರವಾಲ್ಮೀಕಿಯ ತೊರವೆ ರಾಮಾಯಣದ ತೊರವಿ. ಅದರ ಸಮೀಪದಲ್ಲೇ ಎರಡನೆಯ ಇಬ್ರಾಹಿಂ ಆದಿಲಶಾಹ 1599ರಲ್ಲಿ ನವರಸಪುರವನ್ನು ಕಟ್ಟಿಸತೊಡಗಿದ. ಅವನು ಸ್ವತಃ ಹಾಡು ಕಟ್ಟುವವನು. ದಖನಿ ಭಾಷೆಯಲ್ಲಿ ರಾಗಗಳಿಗೆ ಹೊಂದಿಸಿ ಬರೆದ ಅವನ ಹಾಡುಗಳು “ಕಿತಾಬ್-ಎ-ನೌರಸ್” ಎಂಬ ಗ್ರಂಥವಾಗಿವೆ. ಅದರಲ್ಲಿ ಸರಸ್ವತಿಯ ಸ್ತುತಿಯೂ ಇದೆ, ಗಣಪತಿಯ ಸ್ತುತಿಯೂ ಇದೆ. ಆಸ್ಥಾನದ ಪಾರಸಿ ಕವಿ ಜುಹೂರಿ ಅದಕ್ಕೆ ಹೊಗಳಿಕೆ ತುಂಬಿದ ಮುನ್ನುಡಿ ಬರೆದ. ಸುಲ್ತಾನನಿಗೆ “ಈ ಸಾಲು ಸರಿಯಿಲ್ಲ” ಎನ್ನುವವರು ಯಾರಿದ್ದರು? ಬಹುಶಃ ಆ ಹಾಡನ್ನು ರಾಗದಲ್ಲಿ ಕೂರಿಸಬೇಕಾದ ಗಾಯಕನ ಗಂಟಲು ಮಾತ್ರ. ಅದು ಅರಸನ ಅಪ್ಪಣೆಯನ್ನೂ ಕೇಳುವುದಿಲ್ಲ.

ಒಂದು ಸಾಲಿನ ತಿದ್ದುಪಡಿ

ನಿಮ್ಮೂರಿನಲ್ಲಿ ಮೇಳವಿಲ್ಲ, ಗೆಳೆಯರ ಗುಂಪಿಲ್ಲ ಎಂದುಕೊಳ್ಳಿ. ಆಗಲೂ ಮಾಡಬಹುದಾದ ಕೆಲಸವಿದೆ. ಟಿಕೋಟಾದ ಸುತ್ತ ದ್ರಾಕ್ಷಿ ತೋಟಗಳು ಹೆಚ್ಚು. ಅಲ್ಲಿನ ವಿದ್ಯಾರ್ಥಿನಿಯೊಬ್ಬಳು ನಮ್ಮ ಚರ್ಚೆಯೊಂದಕ್ಕೆ ತಂದ ಹಾಡಿನಲ್ಲಿ ಇಂಥ ಸಾಲಿತ್ತು:

ಬೆವರಿನ ಹನಿಗಳು ಮುತ್ತಿನ ಹಾಗಿವೆ,
ನಾಡಿಗೆ ನಲಿವನು ತಂದಿವೆ.

ಮಾತ್ರೆ ಎಣಿಸಿದರೆ ನಾಲ್ಕು ನಾಲ್ಕಾಗಿ ಸರಿಯಾಗಿದೆ. ಹಾಡಲೂ ಬರುತ್ತದೆ. ಆದರೆ ಬೆವರು ಮುತ್ತಾಗುವುದನ್ನು ನಾವು ಎಷ್ಟು ಹಾಡಿನಲ್ಲಿ ಕೇಳಿಲ್ಲ! ‘ನಾಡು’ ಬಂದ ಕೂಡಲೇ ‘ನಲಿವು’ ಬರುತ್ತದೆಂದು ಕಿವಿಗೆ ಮೊದಲೇ ಗೊತ್ತು. ಗುಂಪಿನಲ್ಲಿದ್ದ ಇನ್ನೊಬ್ಬ ಹುಡುಗ, ಅವನೂ ತೋಟದ ಮನೆಯವನೇ, “ಅಕ್ಕಾ, ಇದು ಯಾರ ಬೆವರು?” ಎಂದು ಕೇಳಿದ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮವ್ವಂದು” ಎಂದಳು. ಅವ್ವ ದ್ರಾಕ್ಷಿ ಕಟಾವಿಗೆ ಹೋಗುತ್ತಿದ್ದರಂತೆ. ವಾರದ ನಂತರ ಆ ಸಾಲು ಹೀಗಾಗಿತ್ತು:

ದ್ರಾಕ್ಷಿಯ ರಸವೇ ಅಂಟಿದ ಕೈಯಲಿ
ಅವ್ವಗೆ ಬೆವರನು ಒರೆಸಲು ಬಾರದು.

ಮಾತ್ರೆ ಅದೇ ನಾಲ್ಕು ನಾಲ್ಕು. ಧಾಟಿಯೂ ಹೆಚ್ಚು ಬದಲಾಗಲಿಲ್ಲ. ಮುತ್ತು ಹೋಯಿತು, ಕೈ ಬಂತು. ಆ ಹುಡುಗ ಹಾಡು ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲೂ ಇಲ್ಲ. ತನಗೆ ಕಾಣದೆ ಹೋದದ್ದನ್ನು ಕೇಳಿದ. ಅವಳಿಗೆ ಸಿಟ್ಟು ಬಂದಿದ್ದು ನಿಜ. ಊಟದ ಹೊತ್ತಿನಲ್ಲಿ ಅವನೊಡನೆ ಮಾತಾಡಲಿಲ್ಲ.

ಒಬ್ಬರೇ ಇದ್ದಾಗ ಧ್ವನಿಮುದ್ರಣವನ್ನು ಬಳಸಿಕೊಳ್ಳಿ. ಈಗ ಎಲ್ಲರ ಕೈಯಲ್ಲೂ ಮೊಬೈಲು ಇದೆ. ಹಾಡಿ ಮುದ್ರಿಸಿ ಅಂದೇ ಕೇಳಬೇಡಿ. ಬರೆದ ದಿನ ನಾವು ಕೇಳುವುದು ಹಾಡನ್ನಲ್ಲ, ಹಾಡಿನ ಬಗ್ಗೆ ನಮಗಿರುವ ಆಸೆಯನ್ನು. ಎಂಟು ಹತ್ತು ದಿನ ಬಿಟ್ಟು ಕೇಳಿ. ನಮ್ಮ ಧ್ವನಿ ನಮಗೇ ಪರಕೀಯವೆನಿಸುತ್ತದೆ. ಮಾತಾಡುವಾಗ ತಲೆಬುರುಡೆಯ ಮೂಳೆಗಳ ಮೂಲಕವೂ ಕಿವಿಗೆ ತಲುಪುವ ಕಂಪನ ಮುದ್ರಣದಲ್ಲಿ ಇಲ್ಲದಿರುವುದೇ ಅದಕ್ಕೆ ಕಾರಣ. ಆ ಪರಕೀಯತೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಉಸಿರು ಎಲ್ಲಿ ಕತ್ತರಿಸಿತು, ಯಾವ ಪದ ಪ್ರಾಸಕ್ಕಾಗಿ ಮಾತ್ರ ಬಂದು ಕುಳಿತಿದೆ, ಎಲ್ಲಿ ನೀವೇ ಬೇಸರಗೊಂಡಿರಿ ಎಂಬುದನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ. ಆಮೇಲೆ ಅದನ್ನು ನಿಮ್ಮ ಬಗ್ಗೆ ಅಭಿಮಾನವಿಲ್ಲದ ಒಬ್ಬರ ಕೈಗೆ ಕೊಟ್ಟು, ನೀವು ಬಾಯಿ ಬಿಡದೆ, ಅವರೇ ಹಾಡುವುದನ್ನು ಕೇಳಿ. ಅವರು ಎಡವಿದ ಕಡೆ ವಿವರಣೆ ಕೊಡಬೇಡಿ.

ಬಬಲೇಶ್ವರದ ಕಡೆಯ ಆ ಭಜನಾ ಮಂಡಳಿಗೆ ಮರುವರ್ಷ ಮತ್ತೆ ಹೋಗಿದ್ದೆ. ಸರಣಿ ಮುಗಿದಿತ್ತು, ಶೀರ್ಷಿಕೆ ಗೀತೆಯನ್ನು ನಾನು ತಿದ್ದಿಯೂ ಆಗಿತ್ತು. ರಾತ್ರಿ ಭಜನೆಯ ನಡುವೆ ಅವರು ಆ ಹಾಡನ್ನೇ ಎತ್ತಿಕೊಂಡರು. ಮೊದಲ ಎರಡು ಸಾಲು ನನ್ನವೇ. ಮೂರನೆಯದು ನಾನು ಮೊದಲು ಬರೆದದ್ದಲ್ಲ, ಆಮೇಲೆ ತಿದ್ದಿದ್ದೂ ಅಲ್ಲ. ಯಾರು ಕಟ್ಟಿದರೆಂದು ಕೇಳಿದೆ. ಹಾರ್ಮೋನಿಯಂ ಹಿಡಿದ ಹಿರಿಯರು ಹಿಂದೆ ಕುಳಿತಿದ್ದವರ ಕಡೆ ನೋಡಿದರು, ಅವರು ಒಬ್ಬರನ್ನೊಬ್ಬರು ನೋಡಿಕೊಂಡರು. “ಹಾಡ್ತಾ ಹಾಡ್ತಾ ಹಂಗ ಆತ್ರಿ” ಎಂದರು.